ಸಹಾಯ ಬೇಕು: ಅಮ್ಮ ಮತ್ತು ಮಗನ ಜೊತೆ ಕೊಚ್ಚಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಂದು ವಾರಾಂತ್ಯ ಕೊಚ್ಚಿಗೆ ಹೋಗುತ್ತಿದ್ದೇವೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಮಗನಿಗೆ ಹಡಗು, ಕ್ರೇನು ಅಂದರೆ ಪ್ರಾಣ. ಮಾಲ್ ಯಾರಿಗೂ ಬೇಡ, ಅದು ಬೆಂಗಳೂರಲ್ಲೇ ಇದೆಯಲ್ಲ!

ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋದಲ್ಲಿ ಹೋಗುವ ಯೋಚನೆ ಇದೆ. ಬೋಟ್ ಹತ್ತಿ ಇಳಿಯುವುದು ವಯಸ್ಸಾದವರಿಗೆ ಸುಲಭವಾ? ಇಲ್ಲ ಹಳೆಯ ಸರ್ಕಾರಿ ಬೋಟೇ ಸಾಕಾ? ಬಂದರಿನ ದೊಡ್ಡ ಹಡಗುಗಳು ಯಾವುದರಿಂದ ಹತ್ತಿರ ಕಾಣುತ್ತವೆ? ಮಗ ಕೇಳುವುದು ಇದೊಂದನ್ನೇ.

ಚೀನೀ ಮೀನುಬಲೆಗಳನ್ನು ನೋಡಲು ಬೆಳಗ್ಗೆ ಒಳ್ಳೆಯದಾ, ಸಂಜೆಯಾ? ಕಲ್ಲು ಕಟ್ಟಿದ ಹಗ್ಗ ಹಿಡಿದು ಬಲೆ ಎತ್ತಲು ನಮ್ಮನ್ನೂ ಕರೆಯುತ್ತಾರಂತೆ. ಆಮೇಲೆ ಎಷ್ಟು ದುಡ್ಡು ಕೊಡುವುದು ಸರಿ? ಸುಮ್ನೆ ಜಗಳ ಬೇಡ ಅಂತ ಮೊದಲೇ ಕೇಳುತ್ತಿದ್ದೇನೆ.

ಮಟ್ಟಾಂಚೇರಿಯ 1568ರ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಶನಿವಾರ ಮುಚ್ಚಿರುತ್ತದೆ, ಹಾಗಾಗಿ ಅದನ್ನು ಭಾನುವಾರಕ್ಕೆ ಇಟ್ಟಿದ್ದೇವೆ. ಡಚ್ ಅರಮನೆಯ ರಾಮಾಯಣದ ಭಿತ್ತಿಚಿತ್ರ ಅಮ್ಮ ನೋಡಲೇಬೇಕಂತೆ. ಅಲ್ಲಿ ಮೆಟ್ಟಿಲು ಎಷ್ಟಿವೆ? ಎರಡೂ ಕಡೆ ಆಟೋದವರು ಕಾಯುತ್ತಾರಾ?

ಅಮ್ಮ ಮೀನು ಮುಟ್ಟುವುದಿಲ್ಲ. ಫೋರ್ಟ್ ಕೊಚ್ಚಿ ಹತ್ತಿರ ಒಳ್ಳೆಯ ಸಸ್ಯಾಹಾರಿ ಊಟ ಎಲ್ಲಿ ಸಿಗುತ್ತದೆ? ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ.