ಒಂದೇ ಸಬ್‌ವೂಫರ್ ಔಟ್ ಇರುವ ರಿಸೀವರಿಗೆ ಎರಡು ಸಬ್‌ವೂಫರ್ ಜೋಡಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನ ನಮ್ಮ ಮನೆಯ ಮೊದಲ ಮಹಡಿಯಲ್ಲಿ 16 ಅಡಿ ಉದ್ದ, 12 ಅಡಿ ಅಗಲದ ಕೋಣೆಯೊಂದನ್ನು ಸಿನಿಮಾ ನೋಡುವುದಕ್ಕೆಂದೇ ಇಟ್ಟುಕೊಂಡಿದ್ದೇವೆ. 5.1 ಚಾನೆಲ್ ರಿಸೀವರ್ ಇದ್ದು, ಟಿವಿ ಸ್ಟ್ಯಾಂಡಿನ ಪಕ್ಕದಲ್ಲಿ 10 ಇಂಚಿನ ಪವರ್ಡ್ ಸಬ್‌ವೂಫರ್ (ಒಳಗೇ ಆಂಪ್ಲಿಫೈಯರ್ ಇರುವ ಬೇಸ್ ಸ್ಪೀಕರ್) ಇದೆ. ಸೋಫಾ ಕೋಣೆಯ ನಟ್ಟನಡುವೆ ಇದೆ. ಅಲ್ಲಿ ಕುಳಿತರೆ ಬೇಸ್ ಸಪ್ಪೆ ಎನಿಸುತ್ತದೆ. ಹಿಂದಿನ ಗೋಡೆಗೆ ತಾಗಿಸಿದ ದಿವಾನದ ಮೇಲೆ ಒರಗುವ ನಮ್ಮ ತಂದೆಯವರು ಮಾತ್ರ ‘ಎದೆಗೇ ಗುದ್ದುತ್ತದೆ, ಕಡಿಮೆ ಮಾಡು’ ಎನ್ನುತ್ತಾರೆ. ಈಗ ಅದೇ ಕಂಪನಿಯ 12 ಇಂಚಿನ ಮತ್ತೊಂದನ್ನು ಕೊಂಡಿದ್ದೇನೆ. ರಿಸೀವರಿನ ಹಿಂಬದಿಯಲ್ಲಿ ಸಬ್‌ವೂಫರ್ ಪ್ರಿ-ಔಟ್ ಇರುವುದು ಒಂದೇ. ಒಂದನ್ನು ಎರಡಾಗಿ ಕವಲೊಡೆಸುವ ವೈ ಕೇಬಲ್ ಹಾಕಿದರೆ ಸಿಗ್ನಲ್ ಅರ್ಧವಾಗುತ್ತದೆ, ರಿಸೀವರೂ ಕೆಡಬಹುದು ಎಂದು ಅಂಗಡಿಯೊಂದರಲ್ಲಿ ಹೆದರಿಸಿದರು. ಇದು ನಿಜವೇ? ಎರಡನ್ನೂ ಟಿವಿಯ ಎಡಬಲಕ್ಕೆ ಇಡಬಹುದೇ?

ಉತ್ತರ: ನಮಸ್ಕಾರ. ವೈ ಕೇಬಲನ್ನು ಧಾರಾಳವಾಗಿ ಹಾಕಿರಿ. ಪ್ರಿ-ಔಟ್‌ನಿಂದ ಹೊರಬರುವುದು ಸ್ಪೀಕರ್ ಓಡಿಸುವ ಕರೆಂಟ್ ಅಲ್ಲ, ಬರಿಯ ಸಿಗ್ನಲ್. ಪವರ್ಡ್ ಸಬ್‌ವೂಫರಿನ ಇನ್‌ಪುಟ್ ಒಡ್ಡುವ ತಡೆ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕಿಂತ ಹೆಚ್ಚಿನದಾಗಿರುವುದರಿಂದ, ಎರಡನ್ನು ಸೇರಿಸಿದರೂ ರಿಸೀವರಿಗೆ ಅದು ಹೊರೆಯೇ ಅಲ್ಲ, ಸಿಗ್ನಲ್ ಅರ್ಧವಾಗುವುದೂ ಇಲ್ಲ. ಎರಡು ಸಬ್ ಔಟ್ ಇರುವ ಎಷ್ಟೋ ರಿಸೀವರುಗಳಲ್ಲಿ ಒಳಗೆ ನಡೆದಿರುವುದೂ ಇದೇ ಕವಲು. ಎರಡಕ್ಕೂ ಬೇರೆಬೇರೆ ಲೆವೆಲ್ ಮತ್ತು ದೂರ ಕೊಡಬಲ್ಲ ರಿಸೀವರುಗಳ ಮಾತು ಬೇರೆ.

ಒಂದು ಕಡೆ ಗಂಡು ಪಿನ್, ಇನ್ನೊಂದು ಕಡೆ ಎರಡು ಹೆಣ್ಣು ಸಾಕೆಟ್ ಇರುವ ಆರ್‌ಸಿಎ ವೈ ತೆಗೆದುಕೊಂಡು, ಅಲ್ಲಿಂದ ಶೀಲ್ಡ್ ಇರುವ ಎರಡು ಕೇಬಲುಗಳನ್ನು ಎಳೆಯಿರಿ. ಸಬ್‌ವೂಫರಿನಲ್ಲಿ ಎಲ್‌ಎಫ್‌ಇ (ಸಿನಿಮಾದ ಬೇಸ್ ಚಾನೆಲ್) ಎಂದು ಬರೆದ ಜಾಕಿಗೆ ಚುಚ್ಚಿರಿ. ಹಾಗೆ ಬರೆದಿಲ್ಲವಾದರೆ ಎಡಗಡೆಯ ಜಾಕ್ ಸಾಕು, ಆದರೆ ಎಲ್ಲಿಯವರೆಗಿನ ಸದ್ದು ಸಬ್‌ವೂಫರಿಗೆ ಎಂದು ಬೇರ್ಪಡಿಸುವ ಅದರ ಕ್ರಾಸ್‌ಓವರ್ ತಿರುಪನ್ನು ಅತಿ ಹೆಚ್ಚಿನ ಹರ್ಟ್ಸ್‌ವರೆಗೆ ತಿರುಗಿಸಿಡಿ. ಆ ಕೆಲಸವನ್ನು ರಿಸೀವರ್ ಮಾಡಲಿ: ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಕೊಟ್ಟು (ಆಗ ಅವುಗಳ ಬೇಸ್ ಸಬ್‌ವೂಫರಿಗೆ ಹೋಗುತ್ತದೆ) ಕ್ರಾಸ್‌ಓವರನ್ನು 80 ಹರ್ಟ್ಸ್‌ನಿಂದ ಆರಂಭಿಸಿರಿ.

ಇಷ್ಟು ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯ ನಿಜವಾದ ತೊಂದರೆ ಇರುವುದು ಜಾಗದಲ್ಲಿ. 16 ಅಡಿಯೆಂದರೆ ಸುಮಾರು 4.9 ಮೀಟರ್, ಸೆಕೆಂಡಿಗೆ 343 ಮೀಟರ್ ಸಾಗುವ ಶಬ್ದವು ಇಷ್ಟು ಉದ್ದದ ಎರಡು ಗೋಡೆಗಳ ನಡುವೆ 35 ಹರ್ಟ್ಸ್ ಆಸುಪಾಸಿನಲ್ಲಿ ನಿಂತ ಅಲೆಯಾಗುತ್ತದೆ, ಮತ್ತು ಆ ಅಲೆಯ ಒತ್ತಡ ಗೋಡೆಗಳ ಬಳಿ ಅತಿ ಹೆಚ್ಚಾಗಿಯೂ ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆಯಾಗಿಯೂ ಇರುತ್ತದೆ. ನಿಮ್ಮ ಸೋಫಾ ಆ ಸೊನ್ನೆಯಲ್ಲಿದೆ, ತಂದೆಯವರ ದಿವಾನ ಆ ಉಬ್ಬಿನಲ್ಲಿದೆ. ನಂಬಿಕೆಯಾಗದಿದ್ದರೆ ಫೋನಿನಲ್ಲಿ 35 ಹರ್ಟ್ಸ್‌ನ ಟೋನನ್ನು ರಿಸೀವರಿನ ಮೂಲಕ ಮೆಲ್ಲಗೆ ನುಡಿಸುತ್ತ, ಟಿವಿಯಿಂದ ಹಿಂದಿನ ಗೋಡೆಯವರೆಗೆ ನಡೆದು ನೋಡಿ. ಸೋಫಾದ ಬಳಿ ಸದ್ದು ಬತ್ತಿಹೋಗಿ, ದಿವಾನಕ್ಕೆ ಎರಡು ಹೆಜ್ಜೆ ಇರುವಾಗ ಮತ್ತೆ ಎದ್ದು ಬರುತ್ತದೆ. ಆ ಹೊತ್ತಿಗೆ ಗೋಡೆ ಬೀರುವಿನ ಗಾಜೂ ಗಿರಗಿರ ಎಂದೀತು.

ಎರಡನ್ನೂ ಟಿವಿಯ ಎಡಬಲಕ್ಕೆ ಇಟ್ಟರೆ ಇಬ್ಬರೂ ಸೇರಿ ಇದೇ ಅಲೆಯನ್ನು ಇನ್ನಷ್ಟು ನೂಕುತ್ತಾರೆ: ಸೋಫಾ ಸಪ್ಪೆಯಾಗಿಯೇ ಉಳಿಯುತ್ತದೆ, ತಂದೆಯವರ ದೂರು ಹೆಚ್ಚುತ್ತದೆ. ಒಂದನ್ನು ಮುಂದಿನ ಗೋಡೆಯ ಮಧ್ಯಕ್ಕೂ ಇನ್ನೊಂದನ್ನು ಹಿಂದಿನ ಗೋಡೆಯ ಮಧ್ಯಕ್ಕೂ ಇಟ್ಟರೆ, ಆ ಅಲೆಯನ್ನು ಅವು ಎದುರುಬದುರಾಗಿ ತಳ್ಳಿ ಅಡಗಿಸುತ್ತವೆ. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಅವರು 2002ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಆಯತಾಕಾರದ ಕೋಣೆಗಳಿಗೆ ಎದುರುಬದುರು ಗೋಡೆಗಳ ಮಧ್ಯಬಿಂದುಗಳನ್ನೇ ಒಳ್ಳೆಯ ಜಾಗಗಳೆಂದು ತೋರಿಸಿದ್ದರು. ಟಿವಿ ಸ್ಟ್ಯಾಂಡ್ ಅಡ್ಡ ಬಂದರೆ ಒಂದೆರಡು ಅಡಿ ಸರಿಸಿದರೂ ಪರವಾಗಿಲ್ಲ. ಹಿಂದಕ್ಕೆ 10 ಇಂಚಿನದು ಇರಲಿ, 12 ಇಂಚಿನದು ಮುಂದಿರಲಿ.

ಸೋಫಾ ನಡುವೆ ಇರುವುದು ಈಗ ನಿಮಗೆ ಅನುಕೂಲವೇ ಆಗುತ್ತದೆ, ಏಕೆಂದರೆ ಎರಡೂ ಸಬ್‌ವೂಫರುಗಳು ಕಿವಿಯಿಂದ ಎಂಟೆಂಟು ಅಡಿ ದೂರದಲ್ಲಿದ್ದು, ಎರಡರ ಸದ್ದೂ ಒಟ್ಟಿಗೆ ತಲುಪುವುದರಿಂದ ಒಂದೇ ಔಟ್ ಸಾಲುತ್ತದೆ. ಸೋಫಾವನ್ನು ಮುಂದಿನ ಗೋಡೆಯಿಂದ 11 ಅಡಿಗೆ ಸರಿಸಿದಿರೆಂದರೆ ಹಿಂದಿನದು 5 ಅಡಿಗೆ ಬಂದು, ಆ ಆರು ಅಡಿಯ ಅಂತರ ಸುಮಾರು 5 ಮಿಲಿಸೆಕೆಂಡ್ ಆಗುತ್ತದೆ. 80 ಹರ್ಟ್ಸ್‌ನ ಒಂದು ಪೂರ್ತಿ ಅಲೆಗೆ ಬೇಕಾಗುವುದೇ 12.5 ಮಿಲಿಸೆಕೆಂಡ್ ಆದ್ದರಿಂದ, ಒಂದರ ಸದ್ದನ್ನು ಇನ್ನೊಂದು ಬಹುಪಾಲು ನುಂಗಿಬಿಡುತ್ತದೆ.

ಇನ್ನು ಹೊಂದಿಕೆ. ಒಂದನ್ನು ಆಫ್ ಮಾಡಿ, ರಿಸೀವರಿನ ಟೆಸ್ಟ್ ಟೋನಿಗೆ ಸೋಫಾದಲ್ಲಿ 72 ಡೆಸಿಬೆಲ್ ಬರುವಂತೆ ಇನ್ನೊಂದರ ಗೇನ್ (ಸದ್ದಿನ ಮಟ್ಟದ ತಿರುಪು) ತಿರುಗಿಸಿ, ಆಮೇಲೆ ಅದಲುಬದಲು ಮಾಡಿ. ಹೋಲಿಕೆಗಷ್ಟೇ ಆದ್ದರಿಂದ ಫೋನಿನ ಮೀಟರ್ ಸಾಕು. ಬಳಿಕ ಎರಡನ್ನೂ ಆನ್ ಮಾಡಿ, ಹಿಂದಿನದರ ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಲು ಮನೆಯವರೊಬ್ಬರಿಗೆ ಹೇಳಿ, ಸದ್ದು ಹೆಚ್ಚಾಗುವ ಕಡೆ ಬಿಡಿ. ರಿಸೀವರೇ ಮೈಕಿನಿಂದ ಅಳೆದು ಹೊಂದಿಸಿಕೊಳ್ಳುವ ಆಟೋ ಕ್ಯಾಲಿಬ್ರೇಶನ್ ಕಡೆಯಲ್ಲಿ ಮಾಡಬೇಕು; ಅದಾದ ಮೇಲೆ ಗೇನ್ ಮುಟ್ಟಬೇಡಿ. ಅದು ಸಬ್‌ವೂಫರಿನ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ತಿದ್ದಬೇಡಿ, ಸಬ್‌ವೂಫರಿನೊಳಗಿನ ವಿಳಂಬವೂ ಅದರಲ್ಲಿ ಸೇರಿರುತ್ತದೆ.

ಅದೇ ಪ್ರಶ್ನಕರ್ತರು: ತಾವು ಹೇಳಿದಂತೆ ಮಾಡಿದೆ ಸರ್. ಸೋಫಾದಲ್ಲಿ ಬೇಸ್ ತುಂಬಿಕೊಂಡಿದೆ, ತಂದೆಯವರು ಮೊನ್ನೆ ಪೂರ್ತಿ ಸಿನಿಮಾ ನೋಡಿದರು. ಆದರೆ ಹಿಂದಿನದನ್ನು ಜೋಡಿಸಿದ ಮೇಲೆ ಎರಡರಿಂದಲೂ ಗುಂಯ್ ಎಂಬ ಸದ್ದು ನಿಲ್ಲದೆ ಬರುತ್ತಿದೆ. ಅದನ್ನು ಎಸಿಗೆಂದು ಹಾಕಿಸಿದ ಪಾಯಿಂಟಿಗೆ ಕೊಟ್ಟಿದ್ದೇನೆ. ಅರ್ಥ್ ಪಿನ್ ಕಿತ್ತುಹಾಕಿದರೆ ಹೋಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ.

ಉತ್ತರ: ದಯವಿಟ್ಟು ಆ ಕೆಲಸ ಮಾಡಬೇಡಿ. ಒಳಗೆ ಏನಾದರೂ ಕೆಟ್ಟು ಕರೆಂಟ್ ಲೋಹದ ಭಾಗಗಳಿಗೆ ಹರಿದರೆ ನಿಮ್ಮನ್ನು ಕಾಯುವುದು ಆ ಪಿನ್ ಒಂದೇ. ಬೇರೆಬೇರೆ ಲೈನಿನ ಎರಡು ಅರ್ಥಿಂಗ್‌ಗಳು ಸಿಗ್ನಲ್ ಕೇಬಲಿನ ಮೂಲಕ ಒಂದಕ್ಕೊಂದು ಸೇರಿ ಸುತ್ತು ಆಗಿದೆ. ನೀವು ಕೇಳುತ್ತಿರುವುದು ಕರೆಂಟಿನ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟಿನ ಸದ್ದು. ಹಿಂದಿನ ಸಬ್‌ವೂಫರಿನಿಂದ ಸಿಗ್ನಲ್ ಕೇಬಲ್ ಎಳೆದಾಗ ಸದ್ದು ನಿಂತರೆ ಅನುಮಾನವೇ ಬೇಡ. ಟಿವಿಯ ಬೋರ್ಡಿನಿಂದಲೇ ಒಳ್ಳೆಯ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಎಳೆದು ಹಿಂದಿನದಕ್ಕೂ ಕೊಡಿ. ಹೋಗದಿದ್ದರೆ ಕೇಬಲ್ ನಡುವೆ ಆಡಿಯೋ ಐಸೊಲೇಟರ್ ಹಾಕಬಹುದು, ಆದರೆ ಅಗ್ಗದ್ದು ಗುಂಯ್ ಸದ್ದಿನ ಜೊತೆಗೆ 30 ಹರ್ಟ್ಸ್‌ನ ಬೇಸನ್ನೂ ತಿಂದುಬಿಡುತ್ತದೆ.

ಇನ್ನೊಬ್ಬ ಸದಸ್ಯರು: ನನ್ನ ಬಳಿ ಹಳೆಯ ಹೋಮ್ ಥಿಯೇಟರ್ ಸೆಟ್ಟಿನ ಸಬ್‌ವೂಫರ್ ಇದೆ, ಹಿಂದೆ ಎರಡು ವೈರ್ ಬಿಟ್ಟರೆ ಬೇರೇನೂ ಇಲ್ಲ. ಅದನ್ನೂ ಹೀಗೆಯೇ ಸೇರಿಸಬಹುದೇ?

ಉತ್ತರ: ಆಗದು. ಅದರೊಳಗೆ ಆಂಪ್ಲಿಫೈಯರ್ ಇಲ್ಲ, ಆದ್ದರಿಂದ ಪ್ರಿ-ಔಟ್‌ಗೆ ನೇರವಾಗಿ ಜೋಡಿಸಿದರೆ ಅದು ನುಡಿಯುವುದೇ ಇಲ್ಲ. ನಡುವೆ ಬೇರೆ ಆಂಪ್ಲಿಫೈಯರ್ ಹಾಕಬೇಕಾಗುತ್ತದೆ. ಅಂಥ ಸೆಟ್ಟಿನವು ಹಲವು 3 ಅಥವಾ 4 ಓಮಿನವು. ಹಿಂದಿನ ಚೀಟಿ ಓದಿ, ಅಷ್ಟು ಓಮ್ ತಡೆಯುವ ಆಂಪ್ಲಿಫೈಯರ್ ಹುಡುಕಿ. ಅದಕ್ಕೆ ಹಾಕುವ ಹಣಕ್ಕೆ ಸೆಕೆಂಡ್ ಹ್ಯಾಂಡ್ ಪವರ್ಡ್ ಸಬ್‌ವೂಫರ್ ಸಿಗುವುದಾದರೆ ನಾನು ಅದನ್ನೇ ಕೊಳ್ಳುತ್ತೇನೆ.