ಪ್ಯಾಕೇಜ್ ಹೋಸ್ಟಿಂಗ್ ಸೈಟ್ ಕಟ್ಟುತ್ತಿದ್ದೇನೆ, ಒಮ್ಮೆ ಹಾಕಿದ ವರ್ಷನ್ ಅಳಿಸಲು ಬಿಡಬೇಕಾ?

ಬರಿಗಣ್ಣು:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಒಂದು ಸಣ್ಣ ಸ್ಕ್ರಿಪ್ಟಿಂಗ್ ಭಾಷೆ ಬೆಳೆಸುತ್ತಿದ್ದೇವೆ. ಅದಕ್ಕೆ ಜನ ಬರೆದ ಓಪನ್ ಸೋರ್ಸ್ ಲೈಬ್ರರಿಗಳು ಅವರವರ ಗಿಟ್ ರೆಪೊಗಳಲ್ಲಿ ಚದುರಿಹೋಗಿವೆ. ಎಲ್ಲವೂ ಪ್ಯಾಕೇಜ್‌ಗಳಾಗಿ ಒಂದೇ ಕಡೆ ಸಿಗಲಿ ಅಂತ ಸೈಟ್ ಕಟ್ಟಲು ಕೂತಿದ್ದೇನೆ. ಸದ್ಯಕ್ಕೆ ಒಂದು ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಡಿಸ್ಕ್‌ನಲ್ಲೇ ಟಾರ್ ಫೈಲ್‌ಗಳು (ಪ್ಯಾಕೇಜಿನ ಫೈಲ್‌ಗಳನ್ನೆಲ್ಲ ಒಂದಾಗಿ ಕಟ್ಟಿದ್ದು). ಲಾಗಿನ್, ಅಪ್‌ಲೋಡ್, ಸರ್ಚ್ ಮೂರೂ ಕೆಲಸ ಮಾಡುತ್ತಿವೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಒಬ್ಬರು 1.2.0 ಹಾಕಿ ಹತ್ತೇ ನಿಮಿಷಕ್ಕೆ "ಒಂದು ಫೈಲ್ ಬಿಟ್ಟುಹೋಯಿತು, ಅದೇ ನಂಬರ್‌ನಲ್ಲಿ ಮತ್ತೆ ಹಾಕುತ್ತೇನೆ" ಅಂತ ಕೇಳಿದ್ದಾರೆ. ಇನ್ನೊಬ್ಬರಿಗೆ ಇಡೀ ಪ್ಯಾಕೇಜನ್ನೇ ತೆಗೆಯಬೇಕಂತೆ. ಕೋಡ್ ಅವರದ್ದೇ ಅಲ್ವಾ, ಆಗಲ್ಲ ಅನ್ನಲು ಮನಸ್ಸು ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೆ_ಕಂಪೈಲರ್:
ಅದೇ ನಂಬರ್‌ನಲ್ಲಿ ಬೇರೆ ಫೈಲ್ ಹಾಕಲು ಯಾವತ್ತೂ ಬಿಡಬೇಡಿ. ಹಿಂದೆ ನಾನಿದ್ದ ತಂಡದ ಒಳಗಿನ ಸರ್ವರ್‌ನಲ್ಲಿ ಹಾಗೆ ಬಿಟ್ಟಿದ್ದರು. ನನ್ನ ಮಷೀನ್‌ನಲ್ಲಿ ಟೆಸ್ಟ್ ಪಾಸ್, ಪಕ್ಕದವರ ಮಷೀನ್‌ನಲ್ಲಿ ಫೇಲ್. ಇಬ್ಬರದ್ದೂ ಒಂದೇ ವರ್ಷನ್, ಒಂದೇ ಲಾಕ್ ಫೈಲ್ (ಯಾವ ಪ್ಯಾಕೇಜಿನ ಯಾವ ವರ್ಷನ್ ಬೇಕು ಅಂತ ಬರೆದಿಡುವ ಫೈಲ್). ಎರಡು ದಿನ ನಮ್ಮದೇ ಕೋಡ್ ಕೆದಕಿದೆವು. ಕೊನೆಗೆ ಎರಡೂ ಟಾರ್ ಫೈಲ್‌ಗಳ ಹ್ಯಾಶ್ (ಒಳಗಿರುವುದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ತೆಗೆದು ನೋಡಿದಾಗ ಗೊತ್ತಾಯಿತು, ನನ್ನ ಮಷೀನ್ ಮೊದಲೇ ಇಳಿಸಿಟ್ಟುಕೊಂಡ ಕ್ಯಾಶ್‌ನಲ್ಲಿ ಇದ್ದದ್ದು ಹಳೆಯ ಫೈಲ್, ಅವರಿಗೆ ಬಂದದ್ದು ಹೊಸದು.

ಪೂರ್ತಿ ತೆಗೆಯುವ ವಿಷಯಕ್ಕೆ ಬಂದರೆ, 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸೈಟ್ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಅನ್ನುವ ಪ್ಯಾಕೇಜ್ ಹೋದದ್ದು ನೆನಪಿಸಿಕೊಳ್ಳಿ. ಬರೀ 11 ಸಾಲಿನ ಕೋಡ್, ಪದದ ಎಡಕ್ಕೆ ಜಾಗ ತುಂಬುವ ಕೆಲಸ ಅಷ್ಟೇ. ಬರೆದವರು ತೆಗೆದ ಕೂಡಲೇ ಅದನ್ನು ನೇರವಾಗಿ ಬಳಸದವರ ಬಿಲ್ಡ್‌ಗಳೂ ಸಾಲಾಗಿ ನಿಂತವು, ಯಾಕೆಂದರೆ ಬೇಬಲ್‌ನಂಥ ದೊಡ್ಡ ಪ್ಯಾಕೇಜ್‌ಗಳು ಒಳಗೊಳಗೇ ಅದನ್ನು ನೆಚ್ಚಿಕೊಂಡಿದ್ದವು. ಈಗ ಅಲ್ಲಿ ಹಾಕಿದ 72 ಗಂಟೆಯೊಳಗೆ, ಅದೂ ಬೇರೆ ಪ್ಯಾಕೇಜ್ ಅದನ್ನು ಬಳಸದಿದ್ದರೆ ಮಾತ್ರ ಸಲೀಸಾಗಿ ತೆಗೆಯಬಹುದು. ಕೋಡ್ ಅವರದ್ದು ನಿಜ, ಆದರೆ ಅದನ್ನು ನಂಬಿ ಕಟ್ಟಿದವರ ಕೆಲಸವೂ ನಿಮ್ಮ ಸೈಟಿನ ಮೇಲೇ ನಿಂತಿದೆ.

ರಸ್ಟ್ ಭಾಷೆಯವರ ಪ್ಯಾಕೇಜ್ ಸೈಟ್ ಕ್ರೇಟ್ಸ್ ಡಾಟ್ ಐಒ ಮಾಡುವ 'ಯಾಂಕ್' ನನಗೆ ತುಂಬಾ ಇಷ್ಟ. ಫೈಲ್ ಅಲ್ಲೇ ಇರುತ್ತದೆ. ಲಾಕ್ ಫೈಲ್‌ನಲ್ಲಿ ಈಗಾಗಲೇ ಆ ವರ್ಷನ್ ಇದ್ದವರಿಗೆ ಡೌನ್‌ಲೋಡ್ ಆಗುತ್ತದೆ, ಹೊಸಬರಿಗೆ ಮಾತ್ರ ಅದು ಆಯ್ಕೆಯಾಗುವುದಿಲ್ಲ.

ಸೊನ್ನೆಒಂದು:
ಮೇಲಿನ ಮಾತಿಗೆ ನನ್ನದೂ ಹೌದು. ಜೊತೆಗೆ ಹೆಸರುಗಳ ಕಡೆ ಈಗಲೇ ಗಮನ ಕೊಡಿ, ಆಮೇಲೆ ಸರಿಮಾಡುವುದು ಬಹಳ ಕಷ್ಟ. ಪೈಥಾನ್‌ನ ಪ್ಯಾಕೇಜ್ ಸೈಟ್ ಪೈಪಿಐನಲ್ಲಿ ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಮೂರೂ ಒಂದೇ ಲೆಕ್ಕ, ದೊಡ್ಡಕ್ಷರ ಸಣ್ಣಕ್ಷರವೂ ಒಂದೇ. ಹಾಗೆ ಮಾಡದಿದ್ದರೆ ಒಂದು ಗೆರೆ ಬದಲಿಸಿ ಯಾರೋ ನಕಲಿ ಪ್ಯಾಕೇಜ್ ಹಾಕುತ್ತಾರೆ, ಅವಸರದಲ್ಲಿ ಟೈಪ್ ಮಾಡಿದವರು ಅದನ್ನೇ ಇನ್‌ಸ್ಟಾಲ್ ಮಾಡಿಕೊಳ್ಳುತ್ತಾರೆ. ತೆಗೆದ ಪ್ಯಾಕೇಜಿನ ಹೆಸರನ್ನೂ ಸುಮ್ನೆ ಇನ್ನೊಬ್ಬರಿಗೆ ಕೊಡಬೇಡಿ.

ಪಬ್ಲಿಷ್ ಮಾಡುವವರಿಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. ಪೈಪಿಐ 2024ರ ಜನವರಿಯಿಂದ ಕಡ್ಡಾಯ ಮಾಡಿದೆ. ನಿಮ್ಮಲ್ಲಿ ಜನ ಕಡಿಮೆ ಇರುವಾಗಲೇ ಶುರುಮಾಡಿದರೆ ತಕರಾರು ಇರುವುದಿಲ್ಲ. ಅಪ್‌ಲೋಡ್‌ಗೆ ಪಾಸ್‌ವರ್ಡ್ ಬದಲು ಟೋಕನ್ (ಗುಟ್ಟಿನ ಕೀಲಿ) ಕೊಟ್ಟರೆ ಒಂದು ಪ್ಯಾಕೇಜಿಗೆ ಒಂದು, ಎಲ್ಲಕ್ಕೂ ಒಂದೇ ಬೇಡ.

ತಂತಿಜಾಲ:
ಸರ್ವರ್ ಬಗ್ಗೆ ಎರಡು ಮಾತು. ಫೈಲನ್ನು ಅದರ ಎಸ್‌ಎಚ್‌ಎ-256 ಹ್ಯಾಶನ್ನೇ ಹೆಸರಾಗಿಟ್ಟು ಉಳಿಸಿ. ಇಂಡೆಕ್ಸ್‌ಗೆ (ಯಾವ ಪ್ಯಾಕೇಜ್, ಯಾವ ವರ್ಷನ್ ಇವೆ ಅನ್ನುವ ಪಟ್ಟಿ) ಪ್ರತಿ ಸಲ ಡೇಟಾಬೇಸ್ ಮುಟ್ಟಬೇಡಿ, ಪ್ಯಾಕೇಜಿಗೊಂದು ಸ್ಟ್ಯಾಟಿಕ್ ಫೈಲ್ ಬರೆದು ಸಿಡಿಎನ್ (ಫೈಲ್‌ಗಳ ಪ್ರತಿಯನ್ನು ಹಲವು ಕಡೆಯಿಂದ ಹಂಚುವ ಸರ್ವರ್‌ಗಳ ಜಾಲ) ಹಿಂದೆ ಇಡಿ. ರಸ್ಟ್‌ನ ಪ್ಯಾಕೇಜ್ ಟೂಲ್ ಕಾರ್ಗೊ ಮೊದಲು ಇಡೀ ಇಂಡೆಕ್ಸನ್ನು ಗಿಟ್ ರೆಪೊವಾಗಿ ಇಳಿಸಿಕೊಳ್ಳುತ್ತಿತ್ತು. ಅದು ದೊಡ್ಡದಾಗುತ್ತಾ ಹೋಯಿತು, 2023ರಲ್ಲಿ ಬೇಕಾದಷ್ಟನ್ನೇ ಎಚ್‌ಟಿಟಿಪಿಯಲ್ಲಿ ತರುವ ದಾರಿಗೆ ಬಂದರು. ನೀವು ಅಲ್ಲಿಂದಲೇ ಶುರುಮಾಡಬಹುದು.

ಅಪ್‌ಲೋಡ್ ಆದ ಟಾರ್ ಬಿಚ್ಚುವಾಗ ಒಳಗಿನ ಪಾತ್‌ಗಳನ್ನು ನೋಡಿ. ../ ಇದ್ದರೆ ಫೋಲ್ಡರ್ ದಾಟಿ ನಿಮ್ಮ ಸರ್ವರಿನ ಫೈಲ್ ಮೇಲೆಯೇ ಬರೆದುಬಿಡಬಹುದು.

ಬರಿಗಣ್ಣು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಸಂಶಯ: ಯಾರಾದರೂ ತಪ್ಪಿ ಪಾಸ್‌ವರ್ಡ್ ಇರುವ ಫೈಲ್ ಹಾಕಿಬಿಟ್ಟರೆ? ಆಗಲೂ ಯಾಂಕ್ ಸಾಕಾ?

ಹಳೆ_ಕಂಪೈಲರ್:
ಸಾಲದು. ಮೊದಲು ಆ ಪಾಸ್‌ವರ್ಡ್ ಬದಲಿಸಲು ಹೇಳಿ, ಹೊರಗೆ ಬಂದದ್ದು ಬಂದಂತೆಯೇ. ಆಮೇಲೆ ಅಡ್ಮಿನ್ ಆಗಿ ನೀವೇ ಫೈಲ್ ತೆಗೆಯಿರಿ, ಆದರೆ ಆ ವರ್ಷನ್ ನಂಬರ್ ಮುಚ್ಚಿಯೇ ಇರಲಿ, ತೆಗೆದ ಕಾರಣವೂ ಪುಟದಲ್ಲಿ ಕಾಣಲಿ. ಪಬ್ಲಿಷ್ ಕಮಾಂಡ್ ಕೊಟ್ಟ ತಕ್ಷಣ ಒಳಗೆ ಹೋಗುವ ಫೈಲ್‌ಗಳ ಪಟ್ಟಿ ತೋರಿಸಿ "ಹೌದಾ?" ಅಂತ ಕೇಳಿದರೆ ಇಂಥ ತಪ್ಪು ಎಷ್ಟೋ ತಪ್ಪುತ್ತದೆ. ಆ ಬಿಟ್ಟುಹೋದ ಫೈಲೂ ಅಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಬರಿಗಣ್ಣು:
ಪಟ್ಟಿ ತೋರಿಸುವುದನ್ನು ಇವತ್ತೇ ಸೇರಿಸುತ್ತೇನೆ. ಅವರಿಗೂ ಈಗ ಬರೆದೆ, 1.2.0 ಯಾಂಕ್ ಮಾಡಿ 1.2.1 ಹಾಕಿ ಅಂತ.