ನಮ್ಮ ಓಣಿಯ ಗುಂಪು: ಗಾರ್ಡನ್ನಿನ ನೀಲಿ ಡ್ರಮ್ಮಿನ ವಿಷಯ

ಬೇವಿನಮರದ ಮನೆ, ಬೆಳಿಗ್ಗೆ 5:40
ರಾತ್ರಿ ಎರಡು ಗಂಟೆಯಿಂದ ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿಲ್ಲ. ಕಲಬುರಗಿಯ ಈ ಧಗೆಯಲ್ಲಿ ಕಿಟಕಿ ಮುಚ್ಚಿ ಮಲಗಲಾಗದು, ತೆರೆದರೆ ಗೊಬ್ಬರಕ್ಕೆಂದು ಸಿಪ್ಪೆ ಕೊಳೆಯಲು ಇಟ್ಟ ಆ ಡ್ರಮ್ಮಿನಿಂದ ಕೊಳೆತ ಮೊಟ್ಟೆಯ ನಾತ ಅತ್ತೆಯವರ ಮಂಚದವರೆಗೂ ಬರುತ್ತದೆ. ಮುಚ್ಚಳ ಹಾರಿಬಿದ್ದು ಕಪ್ಪು ನೀರು ಮೆಂತ್ಯದ ಮಡಿಗೆ ಹರಿದಿದೆ. ಸಂಜೆಯೊಳಗೆ ತೆಗೆಯದಿದ್ದರೆ ನಾನೇ ಅದನ್ನು ಉರುಳಿಸುತ್ತೇನೆ.

ಮಾಸ್ತರರ ಮನೆ, 6:05
ಶರಣು. ಅಕ್ಕನವರೇ, ತಪ್ಪು ಡ್ರಮ್ಮಿನದಲ್ಲ. ದಿನಕ್ಕೆ ಎರಡು ಬಾರಿ ಕೋಲಿನಿಂದ ಕಲಕಬೇಕೆಂದು ನಾನು ಮೊದಲ ದಿನವೇ ಬರೆದಿದ್ದೆ. ಕಲಕದೆ ಬಿಗಿಯಾಗಿ ಮುಚ್ಚಿದರೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚಿ, ಅನಿಲ ತುಂಬಿ, ಮುಚ್ಚಳವನ್ನೇ ಎತ್ತಿಬಿಡುತ್ತದೆ. ಈ ವಾರ ಕಲಕುವ ಸರದಿ ಯಾರದಿತ್ತೆಂದು ಎಲ್ಲರಿಗೂ ಗೊತ್ತಿದೆ.

ಮೂಲೆ ಮನೆ, 6:12
ನಾನು ಆಳಂದದ ಮದುವೆಯಲ್ಲಿದ್ದೆ ಎಂಬುದೂ ಎಲ್ಲರಿಗೂ ಗೊತ್ತಿದೆ. ಕಾಯಿಪಲ್ಯೆಯ ಸಿಪ್ಪೆಯನ್ನಷ್ಟೇ ಹಾಕಬೇಕಾದಲ್ಲಿ ಎಣ್ಣೆಸಾರು, ಉಪ್ಪಿನಕಾಯಿ, ಎಲುಬು ಹಾಕಿದವರು ಯಾರೆಂಬುದನ್ನು ಮೊದಲು ಹೇಳಿರಿ.

ಟಾಕಿ ಎದುರಿನ ಮನೆ, 6:15
ಎಲುಬು ನಮ್ಮದಲ್ಲ. ನಮ್ಮ ಮನೆಯ ಎಲುಬಿನ ವಿಷಯದಲ್ಲಿ ಓಣಿಯ ನಾಯಿಗಳು ಎಂದೂ ಸರದಿ ತಪ್ಪಿಸಿಲ್ಲ.

ಮಾಸ್ತರರ ಮನೆ, 6:31
ಹಾಸ್ಯ ಬೇಡ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 2 ಕಿಲೋ ಬೆಲ್ಲ, 2 ಕಿಲೋ ಬೇಳೆಹಿಟ್ಟು ಹಾಕಿ ಜೀವಾಮೃತವೆಂಬ ದ್ರವಗೊಬ್ಬರ ಮಾಡೋಣವೆಂದು ನಾನು ಹೇಳಿದ್ದೆ. ಖರ್ಚು ಹೆಚ್ಚೆಂದು ಸಿಪ್ಪೆಯ ಡ್ರಮ್ ಇಟ್ಟವರು ನೀವೇ. ಈಗಲೂ ಡ್ರಮ್ಮಿನ ನೀರನ್ನು ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಬುಡಕ್ಕೆ ಹಾಕಿದರೆ ಪುಂಡಿಪಲ್ಯೆ ಹುಲುಸಾಗಿ ಬರುತ್ತದೆ.

ಹಿಂದಿನ ಸಾಲಿನ ಮನೆ, 6:33
ಫಾರ್ವರ್ಡ್: ಶುಭೋದಯ. ಮೆಂತ್ಯ ನೆನೆಸಿದ ನೀರು ಕುಡಿಯಿರಿ, ಹತ್ತು ಗುಂಪುಗಳಿಗೆ ಕಳುಹಿಸಿರಿ.

ಸಿಸ್ಟರ್ ಮನೆ, 7:20
ಮಾಸ್ತರರೇ, ಕ್ಷಮಿಸಿರಿ, ಎಲುಬು ಕೊಳೆತ ಈ ನೀರು ಸೊಪ್ಪಿಗೆ ಬೇಡವೇ ಬೇಡ. ನಾವು ರೊಟ್ಟಿಯ ಜೊತೆ ಮೆಂತ್ಯವನ್ನು ಹಸಿಯಾಗಿಯೇ ತಿನ್ನುವವರು, ನಿನ್ನೆ ನನ್ನ ಮಗಳು ಅದೇ ಮಡಿಯಿಂದ ಕಿತ್ತು ಲಂಗಕ್ಕೆ ಒರೆಸಿ ಬಾಯಿಗೆ ಹಾಕಿಕೊಂಡಳು. ಆ ನೀರು ಹರಿದ ಮಡಿಯ ಮೆಂತ್ಯವನ್ನು ಕಿತ್ತು ಬಿಸಾಡೋಣ. ಡ್ರಮ್ಮಿನದನ್ನು ಕಾಂಪೌಂಡಿನ ಆಚೆ ಗುಂಡಿ ತೋಡಿ ಮಣ್ಣು ಮುಚ್ಚೋಣ. ಮುಂದಿನ ಸಲ ಮುಚ್ಚಳದ ಬದಲು ಗೋಣಿತಟ್ಟು ಕಟ್ಟಿದರೆ ಗಾಳಿಯೂ ಆಡುತ್ತದೆ, ನೊಣವೂ ಕೂರುವುದಿಲ್ಲ.

ಮೂಲೆ ಮನೆ, 7:24
ಕಾಂಪೌಂಡಿನ ಆಚೆ ಎಂದರೆ ನಮ್ಮ ಬೋರ್‌ವೆಲ್ ಪಕ್ಕವೇ?

ಬೇವಿನಮರದ ಮನೆ, 8:30
ಜಾಗ ಎಲ್ಲಿಯಾದರೂ ಆಗಲಿ. ಸಂಜೆ ಐದಕ್ಕೆ ಸಲಿಕೆ ತರುವವರು ಯಾರು?

ಹಿಂದಿನ ಸಾಲಿನ ಮನೆ, 8:41
ಹಸಿ ಕಸದ ಗಾಡಿ ನಮ್ಮ ಸಾಲಿಗೆ ಮೂರು ದಿನದಿಂದ ಬಂದಿಲ್ಲ. ಅದು ಸರಿಯಾಗಿ ಬಂದಿದ್ದರೆ ಯಾರೂ ಡ್ರಮ್ಮಿಗೆ ಎಲುಬು ಹಾಕುತ್ತಿರಲಿಲ್ಲ.

ಮಾಸ್ತರರ ಮನೆ, 8:43
ಇದು ನಿಜವಾದ ಸಮಸ್ಯೆ. ಮನವಿಪತ್ರವನ್ನು ನಾನು ಬರೆಯುತ್ತೇನೆ, ಸಹಿ ಹಾಕಲು ಎಲ್ಲರೂ ಸಂಜೆ ಐದಕ್ಕೆ ನಮ್ಮ ಮನೆಗೆ ಬರಬೇಕು.

ಟಾಕಿ ಎದುರಿನ ಮನೆ, 8:44
ಚಹಾ ಇದೆಯೇ?

ಬೇವಿನಮರದ ಮನೆ, 9:10
ಡ್ರಮ್ ಇನ್ನೂ ಗುಳುಗುಳು ಎನ್ನುತ್ತಿದೆ.